17 ಕಿಲೋಮೀಟರ್ ಮೇಲಿನ ಚಳಿಯನ್ನು ಗ್ರಾಫ್ ಹಾಳೆಗೆ ಇಳಿಸುವುದು ಹೇಗೆ

ನಾನು ಹಾಸನದ ಒಂದು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತೇನೆ. ನಮ್ಮೂರಿನಿಂದ ದಿನವೂ ಹವಾಮಾನ ಬಲೂನ್ ಹಾರುವುದಿಲ್ಲ. ಆದರೆ ಪೂರ್ವಕ್ಕೆ ಬೆಂಗಳೂರು, ಪಶ್ಚಿಮಕ್ಕೆ ಮಂಗಳೂರು, ಎರಡೂ ಕಡೆ ಹಾರುತ್ತದೆ. ಆ ಬಲೂನುಗಳು ಮೇಲಿನಿಂದ ಕಳಿಸುವ ಅಂಕಿಗಳು ಯಾರು ಬೇಕಾದರೂ ನೋಡುವಂತೆ ಬಿಟ್ಟಿಯಾಗಿ ಸಿಗುತ್ತವೆ. ದುಡ್ಡು ಬೇಡ, ಅನುಮತಿ ಬೇಡ. ಒಂದು ಗ್ರಾಫ್ ಹಾಳೆ, ಪೆನ್ಸಿಲ್, ಸ್ಕೇಲ್, ಕ್ಯಾಲ್ಕುಲೇಟರ್ ಇದ್ದರೆ ಸಾಕು. ನೆಲದಿಂದ 24 ಕಿಲೋಮೀಟರ್ ಎತ್ತರದವರೆಗೆ ಗಾಳಿಯ ಉಷ್ಣಾಂಶ ಹೇಗೆ ಏರಿಳಿಯುತ್ತದೆ ಅಂತ ಒಂದು ಸಂಜೆಯಲ್ಲಿ ನೀವೇ ಬಿಡಿಸಬಹುದು.

ಕಂಪ್ಯೂಟರ್ ಈ ಚಿತ್ರವನ್ನು ಕ್ಷಣದಲ್ಲಿ ಬಿಡಿಸಿಕೊಡುತ್ತದೆ, ನಿಜ. ಆದರೂ ಮೊದಲ ಕೆಲವು ಹಾಳೆಗಳನ್ನು ಕೈಯಲ್ಲೇ ಬಿಡಿಸಿ ಅಂತ ನಾನು ಹಟ ಮಾಡುತ್ತೇನೆ. ಒಂದೊಂದೇ ಚುಕ್ಕಿ ಇಡುತ್ತಾ ಹೋದಾಗ ಗೆರೆ ಎಲ್ಲಿ ಬಾಗಿತು, ಎಲ್ಲಿ ನಿಂತಿತು, ಎಲ್ಲಿ ವಾಪಸ್ ತಿರುಗಿತು ಅನ್ನೋದು ಕೈಗೆ ಗೊತ್ತಾಗುತ್ತದೆ. ಪರದೆ ಮೇಲೆ ಸಿದ್ಧ ಚಿತ್ರ ನೋಡಿದವರಿಗೆ ಆ ಬಾಗು ಕಣ್ಣಿಗೇ ಬೀಳುವುದಿಲ್ಲ. ವರ್ಷ ವರ್ಷ ತರಗತಿಯಲ್ಲಿ ನೋಡಿಕೊಂಡೇ ಈ ಮಾತು ಹೇಳುತ್ತಿದ್ದೇನೆ.

ಮೊದಲು ಮೇಲೆ ಹೋಗಿ ಅಳೆಯುವುದು ಏನು, ಹೇಗೆ ಅಂತ ತಿಳಿದುಕೊಳ್ಳೋಣ. ಬಲೂನಿನ ಕೆಳಗೆ ದಾರದಲ್ಲಿ ನೇತಾಡುವ ಪುಟ್ಟ ಪೆಟ್ಟಿಗೆಗೆ ರೇಡಿಯೋಸಾಂಡ್ ಎನ್ನುತ್ತಾರೆ. ಕಾಲು ಕಿಲೋಗೂ ಕಡಿಮೆ ತೂಕ. ಅದರಿಂದ ಹೊರಗೆ ಚಾಚಿಕೊಂಡ ಸಣ್ಣ ಕಡ್ಡಿಯ ತುದಿಯಲ್ಲಿ ಉಷ್ಣಾಂಶದ ಸೆನ್ಸರ್ ಇರುತ್ತದೆ. ಅದು ಥರ್ಮಿಸ್ಟರ್ ಆಗಿರಬಹುದು, ಪ್ಲಾಟಿನಂ ತಂತಿಯ ರೋಧಕ ಆಗಿರಬಹುದು. ಎರಡರಲ್ಲೂ ವಿದ್ಯುತ್ ರೋಧ ಉಷ್ಣಾಂಶದ ಜೊತೆ ಬದಲಾಗುತ್ತದೆ, ಆ ಬದಲಾವಣೆ ರೇಡಿಯೋ ಮೂಲಕ ಕೆಳಗೆ ಬರುತ್ತದೆ. ಜೊತೆಗೆ ತೇವಾಂಶದ ಸೆನ್ಸರ್ ಇರುತ್ತದೆ, ಎಲ್ಲಿದ್ದೇನೆ ಅಂತ ಹೇಳಲು ಜಿಪಿಎಸ್ ಇರುತ್ತದೆ. ಹೈಡ್ರೋಜನ್ ತುಂಬಿದ ಲೇಟೆಕ್ಸ್ ಬಲೂನು ಸೆಕೆಂಡಿಗೆ ಸುಮಾರು 5 ಮೀಟರ್ ವೇಗದಲ್ಲಿ ಏರುತ್ತದೆ. ಮೇಲೆ ಹೋದಂತೆ ಹೊರಗಿನ ಒತ್ತಡ ಕಡಿಮೆ ಆಗಿ ಬಲೂನು ಉಬ್ಬುತ್ತಾ ಹೋಗುತ್ತದೆ. ಚೆನ್ನಾಗಿ ಏರಿದ ದಿನ 30 ಕಿ.ಮೀ. ಆಸುಪಾಸಿನಲ್ಲಿ ಒಡೆಯುತ್ತದೆ. ಅಷ್ಟರಲ್ಲಿ ಒಂದೂಮುಕ್ಕಾಲು ಗಂಟೆಯಷ್ಟು ಹೊತ್ತು ಕಳೆದಿರುತ್ತದೆ.

ಹೊಲದಲ್ಲೋ ತೋಟದಲ್ಲೋ ಹರಿದ ರಬ್ಬರ್, ದಾರ, ಬಿಳಿ ಪೆಟ್ಟಿಗೆ ಸಿಕ್ಕಿದರೆ ಅದು ಇದೇ. ಹೆದರಬೇಕಾದ್ದು ಏನಿಲ್ಲ. ಒಳಗೆ ಬ್ಯಾಟರಿ ಇರುವುದರಿಂದ ಬೆಂಕಿಗೆ ಮಾತ್ರ ಹಾಕಬೇಡಿ.

ಉಷ್ಣಾಂಶ ಅಳೆಯೋದರಲ್ಲಿ ದೊಡ್ಡ ತಲೆನೋವು ಸೂರ್ಯ. ಬಿಸಿಲು ಸೆನ್ಸರಿನ ಮೇಲೆ ನೇರ ಬಿದ್ದರೆ ಸೆನ್ಸರ್ ತಾನೇ ಕಾಯುತ್ತದೆ, ಸುತ್ತಲಿನ ಗಾಳಿಗಿಂತ ಜಾಸ್ತಿ ತೋರಿಸುತ್ತದೆ. ಕೆಳಗೆ ಗಾಳಿ ದಟ್ಟ ಇರುವುದರಿಂದ ಆ ಬಿಸಿ ಬೇಗ ತೊಳೆದುಹೋಗುತ್ತದೆ. ಮೇಲೆ ಗಾಳಿ ತೀರಾ ತೆಳು, ಬಿಸಿ ಸೆನ್ಸರಿನಲ್ಲೇ ಉಳಿಯುತ್ತದೆ. ಈ ಸಮಸ್ಯೆ ಇವತ್ತಿನದಲ್ಲ. ಫ್ರಾನ್ಸಿನ ಹವಾಮಾನ ವಿಜ್ಞಾನಿ ತೆಸರಾಂ ದ ಬೋರ್ ಪ್ಯಾರಿಸ್ ಹತ್ತಿರದ ತ್ರಾಪ್ಪಿನಿಂದ 200ಕ್ಕೂ ಹೆಚ್ಚು ಬಲೂನು ಹಾರಿಸಿದರು. ಸುಮಾರು 11 ಕಿ.ಮೀ. ಮೇಲೆ ಉಷ್ಣಾಂಶ ಇಳಿಯುವುದು ನಿಂತೇ ಹೋಗುತ್ತದೆ ಎಂದು 1902ರಲ್ಲಿ ಹೇಳಿದರು. ಎತ್ತರ ಹೋದಂತೆ ತಣ್ಣಗಾಗುತ್ತಲೇ ಇರಬೇಕು ಅನ್ನುವ ಕಾಲ ಅದು. ಬಿಸಿಲಿಗೆ ಉಪಕರಣ ಕಾದಿದ್ದರಿಂದ ಹಾಗೆ ಕಂಡಿರಬಹುದು ಅನ್ನುವ ಅನುಮಾನ ಬರುವುದು ಸಹಜ, ಅಲ್ವಾ? ಅದಕ್ಕೇ ಅವರು ರಾತ್ರಿ ಹೊತ್ತೂ ಬಲೂನು ಬಿಟ್ಟರು. ರಾತ್ರಿಯೂ ಅದೇ ಕಂಡಿತು. ಆ ಮೇಲಿನ ಪದರಕ್ಕೆ ಈಗ ಸ್ಟ್ರಾಟೋಸ್ಫಿಯರ್ ಎನ್ನುತ್ತೇವೆ. ಇದನ್ನು ನಾನು ಪಾಠದಲ್ಲಿ ಬಿಡುವುದೇ ಇಲ್ಲ. ಅಳತೆ ಮಾಡುವವನು ತನ್ನ ಉಪಕರಣವನ್ನೇ ಮೊದಲು ಅನುಮಾನಿಸಿದ್ದಕ್ಕೆ ಇಷ್ಟು ಒಳ್ಳೆಯ ಉದಾಹರಣೆ ಹುಡುಕಿದರೂ ಸಿಗುವುದು ಕಷ್ಟ.

ಈಗಿನ ರೇಡಿಯೋಸಾಂಡ್‌ಗಳಲ್ಲಿ ಬಿಸಿಲಿನ ತಪ್ಪನ್ನು ಲೆಕ್ಕ ಹಾಕಿ ಕಳೆಯುತ್ತಾರೆ. ಆದರೂ ನಮ್ಮ ಬೆಳಗಿನ ಬಲೂನಿನ ಬಗ್ಗೆ ಒಂದು ವಿಷಯ ನೆನಪಿಡಿ. ಅದು ಹೊರಡುವಾಗ ಇನ್ನೂ ಕತ್ತಲು. 25-30 ಕಿ.ಮೀ. ಮುಟ್ಟುವ ಹೊತ್ತಿಗೆ ಮೇಲೆ ಬಿಸಿಲು ಬಂದಿರುತ್ತದೆ, ಯಾಕೆಂದರೆ ಅಷ್ಟು ಎತ್ತರಕ್ಕೆ ಸೂರ್ಯ ನೆಲಕ್ಕಿಂತ ಮೊದಲೇ ಕಾಣುತ್ತಾನೆ. ಒಂದೇ ಗೆರೆಯ ಕೆಳಭಾಗ ಕತ್ತಲಲ್ಲಿ ಅಳೆದದ್ದು, ಮೇಲ್ಭಾಗ ಬಿಸಿಲಲ್ಲಿ ಅಳೆದದ್ದು. ತುದಿಯ ಅಂಕಿಗಳನ್ನು ಓದುವಾಗ ಇದು ತಲೆಯಲ್ಲಿರಲಿ.

ಇನ್ನು ಅಂಕಿ ತೆಗೆದುಕೊಳ್ಳುವ ಕೆಲಸ. ಅಮೆರಿಕದ ವ್ಯೋಮಿಂಗ್ ವಿಶ್ವವಿದ್ಯಾಲಯದ ಹವಾಮಾನ ವಿಭಾಗ ಪ್ರಪಂಚದ ಬೇರೆ ಬೇರೆ ಕಡೆಯ ಬಲೂನುಗಳ ಅಂಕಿಗಳನ್ನು ಒಂದೇ ಕಡೆ ಇಟ್ಟಿದೆ. ಹಳೆಯ ವರ್ಷಗಳದ್ದೂ ಅಲ್ಲೇ ಸಿಗುತ್ತದೆ. ಸರ್ಚ್‌ನಲ್ಲಿ ‘ವ್ಯೋಮಿಂಗ್ ಸೌಂಡಿಂಗ್’ ಅಂತ ಇಂಗ್ಲಿಷಿನಲ್ಲಿ ಹೊಡೆದರೆ ಮೊದಲಿಗೇ ಬರುತ್ತದೆ. ಪ್ರತಿ ನಿಲ್ದಾಣಕ್ಕೂ ಐದು ಅಂಕಿಯ ಸಂಖ್ಯೆ ಇದೆ. ಬೆಂಗಳೂರು 43295. ಮಂಗಳೂರಿನ ಪಣಂಬೂರು 43285. ಹೋಲಿಸಿ ನೋಡುವುದಕ್ಕೆ ಇನ್ನೆರಡು ಬರೆದಿಟ್ಟುಕೊಳ್ಳಿ: ತಿರುವನಂತಪುರ 43371, ದೆಹಲಿ 42182. ದಿನಾಂಕ, ಸಮಯ ಆರಿಸಿ, ಚಿತ್ರ ಬೇಡ, ಪಟ್ಟಿ ಬೇಕು ಅಂತ ಕೇಳಿ.

ಸಮಯದಲ್ಲಿ ಎಡವಬೇಡಿ. ಅಲ್ಲಿರುವುದು ಯುಟಿಸಿ, ಅಂದರೆ ಇಡೀ ಪ್ರಪಂಚಕ್ಕೆ ಒಂದೇ ಆದ ಸಮಯದ ಲೆಕ್ಕ. 00 ಅಂದರೆ ನಮ್ಮ ಬೆಳಗಿನ 5:30. 12 ಅಂದರೆ ಸಂಜೆಯ 5:30. ಬಲೂನು ಅದಕ್ಕಿಂತ ಸ್ವಲ್ಪ ಮುಂಚೆಯೇ ಹೊರಟಿರುತ್ತದೆ. ಕೆಲವು ದಿನ ಎರಡರಲ್ಲಿ ಒಂದೇ ಸಿಗುತ್ತದೆ, ಕೆಲವು ದಿನ ಗೆರೆ ಮಧ್ಯದಲ್ಲೇ ನಿಂತಿರುತ್ತದೆ. ಆ ದಿನವನ್ನು ಬಿಟ್ಟು ಮುಂದಿನದಕ್ಕೆ ಹೋಗಿ, ಖಾಲಿ ಜಾಗಕ್ಕೆ ಅಂದಾಜಿನ ಅಂಕಿ ತುಂಬಬೇಡಿ.

ಪಟ್ಟಿ ತೆರೆದರೆ ಸಾಲು ಸಾಲು ಅಂಕಿ ಕಾಣುತ್ತದೆ. ನಮಗೆ ಮೊದಲ ನಾಲ್ಕು ಕಾಲಂ ಸಾಕು. ಒಂದನೆಯದು ಒತ್ತಡ, ಹೆಕ್ಟೋಪಾಸ್ಕಲ್‌ನಲ್ಲಿ. ಎರಡನೆಯದು ಸಮುದ್ರ ಮಟ್ಟದಿಂದ ಎತ್ತರ, ಮೀಟರಿನಲ್ಲಿ. ಮೂರನೆಯದು ಉಷ್ಣಾಂಶ, ಸೆಲ್ಸಿಯಸ್‌ನಲ್ಲಿ. ನಾಲ್ಕನೆಯದು ಇಬ್ಬನಿ ಬಿಂದು, ಅಂದರೆ ಆ ಗಾಳಿ ಎಷ್ಟಕ್ಕೆ ತಣ್ಣಗಾದರೆ ಹನಿಗಟ್ಟುತ್ತದೆ ಅನ್ನುವುದು. ಉಷ್ಣಾಂಶ, ಇಬ್ಬನಿ ಬಿಂದು ಹತ್ತಿರ ಇದ್ದರೆ ಗಾಳಿ ಒದ್ದೆ, ದೂರ ಇದ್ದರೆ ಒಣ.

ಬೆಂಗಳೂರಿನ ಪಟ್ಟಿಯಲ್ಲಿ ಮೊದಲಿಗೇ ಒಂದು ವಿಚಿತ್ರ ಕಾಣುತ್ತದೆ. 1000 ಹೆಕ್ಟೋಪಾಸ್ಕಲ್‌ನ ಸಾಲಿನಲ್ಲಿ ಎತ್ತರ ಇದೆ, ಉಷ್ಣಾಂಶ ಇಲ್ಲ. 925ರದ್ದೂ ಹಾಗೇ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ, ಅಲ್ಲಿ ನೆಲದ ಮೇಲಿನ ಒತ್ತಡವೇ 910ರ ಆಸುಪಾಸು. ಹಾಗಾಗಿ 1000, 925 ಎರಡೂ ಮಟ್ಟ ನೆಲದ ಒಳಗೆ ಹೋಗಿಬಿಟ್ಟವು! ಅಲ್ಲಿ ಗಾಳಿಯೇ ಇಲ್ಲ, ಅಳೆಯೋದೇನು? ಮಂಗಳೂರಿನ ಪಟ್ಟಿಯಲ್ಲಿ ಅವೆರಡೂ ತುಂಬಿರುತ್ತವೆ. ಘಟ್ಟದ ಮೇಲಿನವರು, ಕೆಳಗಿನವರು ಅನ್ನುವ ವ್ಯತ್ಯಾಸ ಒಂದು ಖಾಲಿ ಜಾಗದಲ್ಲಿ ಕಾಣುವುದು ನನಗೆ ಬಹಳ ಇಷ್ಟ.

ಗ್ರಾಫ್ ಹಾಳೆಯನ್ನು ಉದ್ದಕ್ಕೆ ಹಿಡಿದುಕೊಳ್ಳಿ. ನಿಂತ ಗೆರೆ ಎತ್ತರಕ್ಕೆ: 1 ಸೆಂ.ಮೀ.ಗೆ 1 ಕಿಲೋಮೀಟರ್. ಮಲಗಿದ ಗೆರೆ ಉಷ್ಣಾಂಶಕ್ಕೆ: 1 ಸೆಂ.ಮೀ.ಗೆ 10 ಡಿಗ್ರಿ. ಎಡ ತುದಿಯಲ್ಲಿ -90, ಬಲಗಡೆ +40. ಶಾಲೆಯ ಪಾಠದಲ್ಲಿ ಅಳೆದ ಪರಿಮಾಣವನ್ನು ನಿಂತ ಗೆರೆಗೆ ಹಾಕುವ ರೂಢಿ. ಇಲ್ಲಿ ಎತ್ತರವನ್ನೇ ನಿಲ್ಲಿಸಿ. ಆಕಾಶ ಮೇಲಿದೆ, ಹಾಳೆಯಲ್ಲೂ ಮೇಲಿರಲಿ.

ಎಲ್ಲಾ ಸಾಲುಗಳನ್ನೂ ಒಂದೇ ಸಲ ಇಡಲು ಹೋಗಬೇಡಿ. ಮೊದಲು ಮುಖ್ಯ ಮಟ್ಟಗಳನ್ನು ಇಡಿ. ದಕ್ಷಿಣ ಕರ್ನಾಟಕದ ಮೇಲೆ ಸಾಮಾನ್ಯವಾಗಿ ಕಾಣುವ ಅಂಕಿಗಳು ಹೀಗಿರುತ್ತವೆ. ಇದು ಯಾವುದೋ ಒಂದು ದಿನದ್ದಲ್ಲ, ಅಭ್ಯಾಸಕ್ಕೆ ದುಂಡಗೆ ಮಾಡಿದ್ದು.

850 ಹೆಕ್ಟೋಪಾಸ್ಕಲ್: 1.5 ಕಿ.ಮೀ., 19 ಡಿಗ್ರಿ
700: 3.1 ಕಿ.ಮೀ., 9.5 ಡಿಗ್ರಿ
500: 5.8 ಕಿ.ಮೀ., -5.5 ಡಿಗ್ರಿ
300: 9.6 ಕಿ.ಮೀ., -31 ಡಿಗ್ರಿ
200: 12.4 ಕಿ.ಮೀ., -53 ಡಿಗ್ರಿ
150: 14.2 ಕಿ.ಮೀ., -67 ಡಿಗ್ರಿ
100: 16.6 ಕಿ.ಮೀ., -80 ಡಿಗ್ರಿ
70: 18.6 ಕಿ.ಮೀ., -74 ಡಿಗ್ರಿ
50: 20.6 ಕಿ.ಮೀ., -64 ಡಿಗ್ರಿ
30: 23.8 ಕಿ.ಮೀ., -55 ಡಿಗ್ರಿ

ಚುಕ್ಕಿಗಳನ್ನು ಸ್ಕೇಲಿನಿಂದ ಸೇರಿಸಿ. ಬಲಗಡೆ ಕೆಳಗಿಂದ ಹೊರಟ ಗೆರೆ ಎಡಕ್ಕೆ ಮೇಲಕ್ಕೆ ಸಾಗಿ, 17 ಕಿ.ಮೀ. ಹತ್ತಿರ ಚೂಪಾಗಿ ತಿರುಗಿ ಮತ್ತೆ ಬಲಕ್ಕೆ ಬರುತ್ತದೆ. ಈಗ ಒಂದೊಂದು ತುಂಡಿನ ಇಳಿಜಾರು ಲೆಕ್ಕ ಹಾಕಿ. 700ರಿಂದ 500ರವರೆಗೆ 15 ಡಿಗ್ರಿ ಇಳಿಯಿತು, 2.7 ಕಿ.ಮೀ. ಏರಿದೆವು. ಅಂದರೆ ಕಿಲೋಮೀಟರಿಗೆ ಸುಮಾರು 5.6 ಡಿಗ್ರಿ. 300ರಿಂದ 200ರವರೆಗೆ 22 ಡಿಗ್ರಿ, 2.8 ಕಿ.ಮೀ.: ಕಿಲೋಮೀಟರಿಗೆ ಸುಮಾರು 7.9. ಪಠ್ಯಪುಸ್ತಕದಲ್ಲಿ ಕಿಲೋಮೀಟರಿಗೆ 6.5 ಅಂತ ಒಂದೇ ಅಂಕಿ ಕೊಟ್ಟಿರುತ್ತಾರೆ. ಅದು ಸರಾಸರಿ. ನಿಜವಾದ ಗಾಳಿಯಲ್ಲಿ ಪ್ರತಿ ತುಂಡಿಗೂ ಬೇರೆ ಇಳಿಜಾರು. ಒದ್ದೆ ಗಾಳಿ ಮೇಲೇರಿ ಹನಿಗಟ್ಟುವಾಗ ಬಿಸಿ ಬಿಟ್ಟುಕೊಡುತ್ತದೆ, ಅದಕ್ಕೇ ಕೆಳಗೆ ನಿಧಾನ ಇಳಿಯುತ್ತದೆ. ಮೇಲೆ ಹೋದಂತೆ ನೀರಿನ ಅಂಶ ಮುಗಿಯುತ್ತಾ ಬಂದು ಇಳಿಜಾರು ಜಾಸ್ತಿ ಆಗುತ್ತದೆ.

ಒಂದು ಗಡಿ ಗೊತ್ತಿರಲಿ: 9.8. ಒಣ ಗಾಳಿ ತಾನಾಗಿ ಮೇಲೇರಿದಾಗ ಕಿಲೋಮೀಟರಿಗೆ ಇಷ್ಟು ತಣ್ಣಗಾಗುತ್ತದೆ. ಬಿಸಿಲು ಕಾದ ನೆಲದ ಹತ್ತಿರ ಬಿಟ್ಟರೆ, ಮೇಲಿನ ಗಾಳಿಯಲ್ಲಿ ಇಳಿಜಾರು ಇದಕ್ಕಿಂತ ಜಾಸ್ತಿ ಇರುವುದು ತೀರಾ ಅಪರೂಪ. ನಿಮ್ಮ ಲೆಕ್ಕದಲ್ಲಿ 12, 15 ಅಂತ ಬಂದರೆ ಮೊದಲು ಕಳೆಯುವ ಲೆಕ್ಕ ನೋಡಿ. ಅದು ಸರಿ ಇದ್ದರೆ ಸೆನ್ಸರ್ ಒದ್ದೆ ಆಗಿರಬಹುದು. ಮೋಡದಿಂದ ಹೊರಬಂದ ಸೆನ್ಸರಿನ ಮೇಲಿನ ನೀರು ಆರುವಾಗ ಸ್ವಲ್ಪ ಹೊತ್ತು ಅದು ಗಾಳಿಗಿಂತ ತಣ್ಣಗೆ ತೋರಿಸುತ್ತದೆ. ಮಳೆಗಾಲದ ಪಟ್ಟಿಗಳಲ್ಲಿ ಇಂಥದ್ದನ್ನು ಹುಡುಕಿ.

ಪಟ್ಟಿಯಲ್ಲಿರುವ ಎತ್ತರವನ್ನೂ ಸುಮ್ನೆ ನಂಬಬೇಕಿಲ್ಲ, ತಾಳೆ ನೋಡಬಹುದು. ಎರಡು ಮಟ್ಟಗಳ ನಡುವಿನ ಗಾಳಿಯ ದಪ್ಪ ಅದರ ಸರಾಸರಿ ಉಷ್ಣಾಂಶದ ಮೇಲೆ ನಿಂತಿದೆ. ಸೂತ್ರ ಸುಲಭ: 29.3ನ್ನು ಕೆಲ್ವಿನ್‌ನಲ್ಲಿರುವ ಸರಾಸರಿ ಉಷ್ಣಾಂಶದಿಂದ ಗುಣಿಸಿ, ಆಮೇಲೆ ಕೆಳಗಿನ ಒತ್ತಡ ಭಾಗಿಸು ಮೇಲಿನ ಒತ್ತಡ, ಅದರ ನ್ಯಾಚುರಲ್ ಲಾಗ್‌ನಿಂದ ಗುಣಿಸಿ. 500 ಮತ್ತು 300ರ ನಡುವೆ ಮಾಡಿ ನೋಡೋಣ. -5.5 ಮತ್ತು -31ರ ಸರಾಸರಿ -18.25, ಅಂದರೆ 254.9 ಕೆಲ್ವಿನ್. 500/300ರ ಲಾಗ್ 0.511. ಮೂರನ್ನೂ ಗುಣಿಸಿದರೆ ಸುಮಾರು 3,815 ಮೀಟರ್. ಪಟ್ಟಿಯಲ್ಲಿ 5.8ರಿಂದ 9.6, ಅಂದರೆ 3.8 ಕಿ.ಮೀ. ತಾಳೆ ಆಯಿತು! ಬಿಸಿ ಗಾಳಿ ದಪ್ಪ, ತಣ್ಣನೆ ಗಾಳಿ ತೆಳು ಅನ್ನುವುದು ಮಕ್ಕಳಿಗೆ ಇಲ್ಲಿ ಖಾತ್ರಿ ಆಗುತ್ತದೆ. ಈ ಲೆಕ್ಕ ಸರಿ ಬಂದ ದಿನ ತರಗತಿಯ ಹಿಂದಿನ ಬೆಂಚಿನವರೂ ಮುಂದೆ ಬಂದು ನಿಲ್ಲುತ್ತಾರೆ.

ಗೆರೆ ಬಿಡಿಸಾಯಿತು. ಇನ್ನು ಓದಬೇಕು.

ಕೆಳಗಿನಿಂದ ಶುರು ಮಾಡಿ. ಜನವರಿಯ ಒಂದು ಬೆಳಗಿನ ಬೆಂಗಳೂರಿನ ಪಟ್ಟಿ ತೆಗೆದುಕೊಳ್ಳಿ. ಈಗ ಮುಖ್ಯ ಮಟ್ಟಗಳು ಮಾತ್ರ ಸಾಲದು, ನೆಲದಿಂದ 4 ಕಿ.ಮೀ.ವರೆಗಿನ ಎಲ್ಲಾ ಸಾಲುಗಳನ್ನೂ ಇಡಿ. ಇನ್ನೊಂದು ಹಾಳೆಯಲ್ಲಿ 1 ಕಿ.ಮೀ.ಗೆ 5 ಸೆಂ.ಮೀ. ಕೊಟ್ಟು ಹಿಗ್ಗಿಸಿ ಬಿಡಿಸಿದರೆ ಒಳ್ಳೆಯದು. ನೆಲದ ಪಕ್ಕದಲ್ಲೇ ಗೆರೆ ಎಡಕ್ಕೆ ಹೋಗುವ ಬದಲು ಬಲಕ್ಕೆ ವಾಲಿರುವುದು ಎಷ್ಟೋ ದಿನ ಕಾಣುತ್ತದೆ. ಮೇಲೆ ಹೋದಂತೆ ಬೆಚ್ಚಗೆ! ಇದೇ ಇನ್ವರ್ಷನ್. ಮೋಡವಿಲ್ಲದ ರಾತ್ರಿ ನೆಲ ತನ್ನ ಬಿಸಿಯನ್ನು ಆಕಾಶಕ್ಕೆ ಚೆಲ್ಲಿ ತಣ್ಣಗಾಗುತ್ತದೆ, ಅದಕ್ಕೆ ತಾಗಿದ ಗಾಳಿಯೂ ತಣ್ಣಗಾಗುತ್ತದೆ, ಕೆಲವು ನೂರು ಮೀಟರ್ ಮೇಲಿನ ಗಾಳಿ ಹಾಗೇ ಬೆಚ್ಚಗಿರುತ್ತದೆ. ತಣ್ಣನೆ ಗಾಳಿ ಭಾರ, ಅದು ಏಳುವುದಿಲ್ಲ. ಮೇಲಿನ ಬೆಚ್ಚನೆ ಪದರ ಮುಚ್ಚಳದ ಹಾಗೆ ಕೂತಿರುತ್ತದೆ. ಆ ಹೊತ್ತಿಗೆ ನಮ್ಮ ಕಡೆ ಹಳ್ಳಿಗಳಲ್ಲಿ ಸ್ನಾನದ ಒಲೆಯ ಹೊಗೆ ನೋಡಿ. ಮಾಡಿನಿಂದ ಎದ್ದು, ತೆಂಗಿನ ಮರದ ಎತ್ತರಕ್ಕೆ ಹೋಗಿ, ಅಲ್ಲಿಂದ ಮೇಲೇರದೆ ಅಡ್ಡಕ್ಕೆ ಹರಡಿಕೊಳ್ಳುತ್ತದೆ. ಬಿಸಿಲೇರಿ ನೆಲ ಕಾದ ಮೇಲೆ ಅದೇ ಹೊಗೆ ನೇರ ಮೇಲೆ ಹೋಗುತ್ತದೆ. ಬೆಳಿಗ್ಗೆ ಹೊಗೆ ನೋಡಿ, ಆಮೇಲೆ ಅವತ್ತಿನ ಪಟ್ಟಿ ತೆಗೆದು ಹೋಲಿಸಿ. ಬೆಂಗಳೂರಿನ ಗೆರೆ ಹಾಸನಕ್ಕೆ ಅಕ್ಷರಶಃ ಹೊಂದುವುದಿಲ್ಲ, ಆದರೆ ನಾವೂ ಅದೇ ಎತ್ತರದಲ್ಲಿರುವುದರಿಂದ ಬಹಳಷ್ಟು ದಿನ ಒಂದೇ ಕಥೆ ಹೇಳುತ್ತದೆ.

ಅದೇ ಜನವರಿ ಹಾಳೆಯಲ್ಲಿ 2-3 ಕಿ.ಮೀ. ಎತ್ತರದಲ್ಲಿ ಇನ್ನೊಂದು ಸಣ್ಣ ತಿರುವು ಕಾಣಬಹುದು. ಅಲ್ಲಿ ಇಬ್ಬನಿ ಬಿಂದುವಿನ ಗೆರೆ ಒಮ್ಮೆಗೇ ಎಡಕ್ಕೆ ಹಾರಿರುತ್ತದೆ. ಮೇಲಿನ ಒಣ ಗಾಳಿ ನಿಧಾನವಾಗಿ ಕೆಳಗಿಳಿಯುತ್ತಾ, ಒತ್ತಿಸಿಕೊಳ್ಳುತ್ತಾ ಬಿಸಿಯಾಗುವುದರ ಗುರುತು ಅದು. ಆ ದಿನಗಳಲ್ಲಿ ಆಕಾಶ ಸ್ವಚ್ಛ, ಮಳೆ ಮೋಡ ಬೆಳೆಯುವುದಿಲ್ಲ.

ಏಪ್ರಿಲ್ ಸಂಜೆಯ ಪಟ್ಟಿ ಸಿಕ್ಕರೆ ಪೂರ್ತಿ ಬೇರೆ ಕಥೆ. ನೆಲದಿಂದ ಸುಮಾರು 3 ಕಿ.ಮೀ. ತನಕ ಗೆರೆ 9.8ರ ಇಳಿಜಾರಿಗೆ ಹತ್ತಿರ ನೆಟ್ಟಗೆ ಹೋಗುತ್ತದೆ. ದಿನವಿಡೀ ಕಾದ ನೆಲ ಗಾಳಿಯನ್ನು ಕೆಳಗಿಂದ ಮೇಲಕ್ಕೆ ಕಲಕಿಬಿಟ್ಟಿರುತ್ತದೆ.

ಮುಂದೆ ಸೊನ್ನೆ ಡಿಗ್ರಿ ಎಲ್ಲಿ ದಾಟಿತು ನೋಡಿ. ಮೇಲಿನ ಉದಾಹರಣೆಯಲ್ಲಿ 3.1 ಕಿ.ಮೀ.ನಲ್ಲಿ 9.5 ಡಿಗ್ರಿ, ಕಿಲೋಮೀಟರಿಗೆ 5.6ರಂತೆ ಇಳಿದರೆ ಇನ್ನು 1.7 ಕಿ.ಮೀ. ಮೇಲೆ ಸೊನ್ನೆ. ಅಂದರೆ 4.8 ಕಿ.ಮೀ. ನಮ್ಮ ಕಡೆ ಇದು ಸುಮಾರಾಗಿ 4.5ರಿಂದ 5.5ರ ಒಳಗೇ ಆಡುತ್ತಿರುತ್ತದೆ. ಬೇಸಿಗೆ ಮಳೆಯಲ್ಲಿ ಬೀಳುವ ಆಲಿಕಲ್ಲು ಆ ಎತ್ತರದ ಮೇಲೆ ಬೆಳೆದು, ಕೆಳಗಿನ ಅಷ್ಟು ಬೆಚ್ಚನೆ ಗಾಳಿಯಲ್ಲಿ ಕರಗಿ ಮುಗಿಯದೆ ಉಳಿದು ಬಂದದ್ದು. ಕಾಫಿ ತೋಟದವರಿಗೆ ಈ ಮಾತು ಹೇಳಿದರೆ ಎಲೆ ಹರಿದ ಗಿಡ ನೆನೆದು ಆಸಕ್ತಿಯಿಂದ ಕೇಳುತ್ತಾರೆ.

ಈಗ ಎಲ್ಲಕ್ಕಿಂತ ಮುಖ್ಯವಾದ ತಿರುವು, ಟ್ರೋಪೋಪಾಸ್, ಅಂದರೆ ಉಷ್ಣಾಂಶ ಇಳಿಯುವುದು ನಿಂತು ಸ್ಟ್ರಾಟೋಸ್ಫಿಯರ್ ಶುರುವಾಗುವ ಗಡಿ. ಹುಡುಕಲು ವಿಶ್ವ ಹವಾಮಾನ ಸಂಸ್ಥೆಯ ನಿಯಮ ಇದೆ. ಮೇಲೆ ಹೋಗುತ್ತಾ, ಇಳಿಜಾರು ಕಿಲೋಮೀಟರಿಗೆ 2 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ ಆಗುವ ಮೊದಲ ಮಟ್ಟವನ್ನು ಗುರುತಿಸಿ. ಅಷ್ಟಕ್ಕೇ ನಿಲ್ಲಬೇಡಿ. ಅಲ್ಲಿಂದ ಮೇಲಿನ 2 ಕಿ.ಮೀ. ಒಳಗಿನ ಯಾವ ಮಟ್ಟಕ್ಕೆ ಲೆಕ್ಕ ಹಾಕಿದರೂ ಸರಾಸರಿ ಇಳಿಜಾರು 2ನ್ನು ಮೀರಬಾರದು. ಎರಡನೇ ಷರತ್ತನ್ನು ಬಿಟ್ಟರೆ ಕೆಳಗಿನ ಯಾವುದೋ ಸಣ್ಣ ಇನ್ವರ್ಷನ್ನನ್ನೇ ಟ್ರೋಪೋಪಾಸ್ ಅಂದುಕೊಳ್ಳುತ್ತೀರಿ. ಅದರ ಜೊತೆಗೆ ಇಡೀ ಗೆರೆಯಲ್ಲಿ ಅತಿ ಎಡಕ್ಕೆ ಇರುವ ಚುಕ್ಕಿಗೂ ಸುತ್ತು ಹಾಕಿ, ಅದು ಅತಿ ತಣ್ಣನೆ ಬಿಂದು. ನಮ್ಮ ಅಕ್ಷಾಂಶದಲ್ಲಿ ಎರಡೂ 16ರಿಂದ 18 ಕಿ.ಮೀ. ನಡುವೆ ಸಿಗುತ್ತವೆ, ಉಷ್ಣಾಂಶ -80ರ ಆಸುಪಾಸು. ಎರಡನ್ನೂ ಬೇರೆ ಬೇರೆ ಬಣ್ಣದಲ್ಲಿ ಗುರುತಿಸಿ.

-80 ಅಂದರೆ ಎಷ್ಟು ಚಳಿ ಅಂತ ಸ್ವಲ್ಪ ಯೋಚಿಸಿ. ಯುರೋಪಿನ ಮೇಲೆ ಟ್ರೋಪೋಪಾಸ್ 10-12 ಕಿ.ಮೀ.ಗೇ ಬಂದುಬಿಡುತ್ತದೆ, ಅಲ್ಲಿ -55ರ ಹತ್ತಿರ. ಜುಲೈನಲ್ಲಿ ಉತ್ತರ ಧ್ರುವದ ಮೇಲೆ 17 ಕಿ.ಮೀ. ಎತ್ತರದ ಗಾಳಿ ನಮ್ಮ ನೆತ್ತಿಯ ಮೇಲಿನ ಅದೇ ಎತ್ತರದ ಗಾಳಿಗಿಂತ ಸುಮಾರು 30 ಡಿಗ್ರಿ ಬೆಚ್ಚಗಿರುತ್ತದೆ. ನೆಲದಲ್ಲಿ ನಾವು ಬಿಸಿ, ಅವರು ತಣ್ಣಗೆ. ಮೇಲೆ ಉಲ್ಟಾ. ನಮ್ಮ ಕಡೆ ಬಿಸಿಲಿಗೆ ಎದ್ದ ಗಾಳಿ ಅಷ್ಟು ಎತ್ತರದವರೆಗೂ ಹಿಗ್ಗುತ್ತಾ ತಣ್ಣಗಾಗುತ್ತಾ ಹೋಗುವುದೇ ಇದಕ್ಕೆ ದೊಡ್ಡ ಕಾರಣ. ಅದಕ್ಕೂ ಮೇಲೆ ಓಝೋನ್ ಸೂರ್ಯನ ಅತಿನೇರಳೆ ಕಿರಣ ಹೀರಿ ಗಾಳಿಯನ್ನು ಕಾಯಿಸುತ್ತದೆ, ಗೆರೆ ಬಲಕ್ಕೆ ತಿರುಗುತ್ತದೆ.

ಇದನ್ನು ಪ್ರಪಂಚಕ್ಕೆ ಸ್ಪಷ್ಟವಾಗಿ ತೋರಿಸಿದವರಲ್ಲಿ ನಮ್ಮವರೊಬ್ಬರು ಇದ್ದಾರೆ. ಪಾಲಕ್ಕಾಡಿನ ಕೆ. ಆರ್. ರಾಮನಾಥನ್. ಸಿ. ವಿ. ರಾಮನ್ ಜೊತೆ ಕಲ್ಕತ್ತಾದಲ್ಲಿ ಕೆಲಸ ಮಾಡಿ, ಆಮೇಲೆ ಹವಾಮಾನ ಇಲಾಖೆ ಸೇರಿದರು. ಭಾರತದ ಮೇಲ್ಗಾಳಿಯ ವೀಕ್ಷಣಾಲಯ 1914ರಿಂದ ಆಗ್ರಾದಲ್ಲಿತ್ತು. ಭಾರತದ ಮತ್ತು ಬೇರೆ ದೇಶಗಳ ಬಲೂನುಗಳ ಅಂಕಿಗಳನ್ನು ಜೋಡಿಸಿ, ಸಮಭಾಜಕದ ಮೇಲೆ ಸುಮಾರು 17 ಕಿ.ಮೀ. ಎತ್ತರದಲ್ಲಿ ಅತಿ ತಣ್ಣನೆ ಗಾಳಿಯ ಉಂಗುರವೊಂದು ಭೂಮಿಯನ್ನು ಸುತ್ತಿದೆ ಎಂದು 1929ರಲ್ಲಿ ಅವರು ‘ನೇಚರ್’ ಪತ್ರಿಕೆಯಲ್ಲಿ ತೋರಿಸಿದರು. ಆಗಿನ ಬಲೂನು ರೇಡಿಯೋ ಹೊತ್ತದ್ದಲ್ಲ. ಉಪಕರಣ ತಾನೇ ಗೀಚಿಕೊಂಡ ಗುರುತು ಕೆಳಗೆ ಬಿದ್ದು, ಯಾರದೋ ಕೈಗೆ ಸಿಕ್ಕಿ, ವಾಪಸ್ ಬಂದರೆ ಮಾತ್ರ ಅಂಕಿ. ರಾಮನಾಥನ್ ಮುಂದೆ ಅಹಮದಾಬಾದಿನ ಭೌತಿಕ ಸಂಶೋಧನಾ ಪ್ರಯೋಗಾಲಯದ ಮೊದಲ ನಿರ್ದೇಶಕರಾದರು. ನಿಮ್ಮ ಹಾಳೆಯಲ್ಲಿ 17 ಕಿ.ಮೀ. ಹತ್ತಿರ ಗೆರೆ ತಿರುಗುವಾಗ ಅವರ ಹೆಸರನ್ನು ಪಕ್ಕದಲ್ಲಿ ಬರೆಯಿರಿ. ನಮ್ಮ ಹುಡುಗರು ಬರೆಯುತ್ತಾರೆ.

ಒಂದು ಊರಿನ ಗೆರೆ ಆಯಿತು. ಅಡ್ಡಕ್ಕೂ ನೋಡಬೇಕು. ಜುಲೈನ ಒಂದು ದಿನ ಆರಿಸಿ, ತಿರುವನಂತಪುರ ಮತ್ತು ದೆಹಲಿ ಎರಡರ 300 ಹೆಕ್ಟೋಪಾಸ್ಕಲ್ ಉಷ್ಣಾಂಶ ಬರೆದುಕೊಳ್ಳಿ. ಒಂದೇ ದಿನ ಸಾಲದು, ಒಂದು ವಾರದ ಸರಾಸರಿ ಮಾಡಿ. ಉತ್ತರದ್ದು ದಕ್ಷಿಣಕ್ಕಿಂತ ಬೆಚ್ಚಗಿರುತ್ತದೆ! ಜನವರಿಯಲ್ಲಿ ಇದೇ ಲೆಕ್ಕ ಮಾಡಿದರೆ ತಿರುಗುಮುರುಗು. ಮಳೆಗಾಲದಲ್ಲಿ ಉತ್ತರ ಭಾರತ ಮತ್ತು ಟಿಬೆಟ್ ಪ್ರಸ್ಥಭೂಮಿಯ ಮೇಲೆ ಕಾದ ನೆಲದ ಬಿಸಿ, ಮೋಡಗಳು ಬಿಟ್ಟ ಬಿಸಿ ಎರಡೂ ಸೇರಿ ಮೇಲಿನ ಗಾಳಿಯನ್ನು ಕಾಯಿಸುತ್ತವೆ. ಈ ಉತ್ತರ-ದಕ್ಷಿಣ ವ್ಯತ್ಯಾಸವೇ ನಮ್ಮ ತಲೆ ಮೇಲೆ 14-16 ಕಿ.ಮೀ. ಎತ್ತರದಲ್ಲಿ ಪೂರ್ವದಿಂದ ಪಶ್ಚಿಮಕ್ಕೆ ಬಿರುಸಾಗಿ ಓಡುವ ಜೆಟ್ ಗಾಳಿಗೆ ಕಾರಣ. ನಮ್ಮ ಹವಾಮಾನ ವಿಜ್ಞಾನಿ ಪಿ. ಕೋಟೇಶ್ವರಂ 1958ರಲ್ಲಿ ಅದನ್ನು ವಿವರಿಸಿದರು. ಪಟ್ಟಿಯ ಗಾಳಿ ದಿಕ್ಕಿನ ಕಾಲಂನಲ್ಲಿ ಅಲ್ಲಿ 90ರ ಆಸುಪಾಸಿನ ಅಂಕಿ ಕಂಡರೆ ಅದೇ. ಕೆಳಗೆ 1.5 ಕಿ.ಮೀ.ನಲ್ಲಿ 270ರ ಆಸುಪಾಸು, ಅಂದರೆ ಅರಬ್ಬಿ ಸಮುದ್ರದಿಂದ ಬರುವ ಮುಂಗಾರು.

ಇದರಿಂದ ಬಲೂನಿನ ದಾರಿಯೂ ಗೊತ್ತಾಗುತ್ತದೆ. ಮಂಗಳೂರಿನಿಂದ ಜುಲೈನಲ್ಲಿ ಬಿಟ್ಟ ಬಲೂನು ಮೊದಲು ಘಟ್ಟದ ಕಡೆ ತಳ್ಳಿಸಿಕೊಂಡು, ಮೇಲೆ ಹೋದ ಮೇಲೆ ಸಮುದ್ರದ ಕಡೆ ವಾಪಸ್ ತಿರುಗುತ್ತದೆ. ಹಾಗಾಗಿ ನಿಮ್ಮ ಗೆರೆ ಒಂದೇ ಜಾಗದ ನೆತ್ತಿಯ ಮೇಲಿನದಲ್ಲ, ಹತ್ತಾರು ಕಿಲೋಮೀಟರ್ ಅಲೆದಾಡಿದ ದಾರಿಯದು. ದಿನದ ಹವಾಮಾನ ನೋಡುವುದಕ್ಕೆ ಇದರಿಂದ ತೊಂದರೆ ಇಲ್ಲ. ಒಂದು ಮೋಡದ ಬಗ್ಗೆ ಮಾತಾಡುವಾಗ ಮಾತ್ರ ಎಚ್ಚರ ಬೇಕು.

30 ಕಿ.ಮೀ.ಗಿಂತ ಬಹಳ ಮೇಲಕ್ಕೆ ಈ ಬಲೂನುಗಳು ಸಾಮಾನ್ಯವಾಗಿ ಹೋಗುವುದಿಲ್ಲ. ಅಲ್ಲಿಗೆ ಬೇರೆ ದಾರಿಗಳಿವೆ. ಕೇರಳದ ತುಂಬಾದಿಂದ 1970ರ ದಶಕದಲ್ಲಿ ಸೋವಿಯತ್ ಎಂ-100 ರಾಕೆಟ್‌ಗಳನ್ನು ವಾರಕ್ಕೊಂದರಂತೆ ಹಾರಿಸಿ ಮೇಲಿನ ಉಷ್ಣಾಂಶ, ಗಾಳಿ ಅಳೆಯುತ್ತಿದ್ದರು. ತಿರುಪತಿ ಹತ್ತಿರದ ಗಾದಂಕಿಯ ರಾಷ್ಟ್ರೀಯ ವಾಯುಮಂಡಲ ಸಂಶೋಧನಾ ಪ್ರಯೋಗಾಲಯದಲ್ಲಿ ಹಸಿರು ಲೇಸರ್ ಬೆಳಕನ್ನು ಆಕಾಶಕ್ಕೆ ಬಿಟ್ಟು, ಗಾಳಿಯ ಅಣುಗಳಿಂದ ಚದುರಿ ವಾಪಸ್ ಬಂದದ್ದನ್ನು ಎಣಿಸುತ್ತಾರೆ. ವಾಪಸ್ ಬರುವ ಬೆಳಕು ಗಾಳಿಯ ಸಾಂದ್ರತೆ ಹೇಳುತ್ತದೆ, ಸಾಂದ್ರತೆಯಿಂದ ಉಷ್ಣಾಂಶ ಲೆಕ್ಕ ಹಾಕಬಹುದು. 30ರಿಂದ 80 ಕಿ.ಮೀ. ತನಕ ಹೀಗೆ ಸಿಗುತ್ತದೆ.

ಉಪಗ್ರಹಗಳದ್ದು ಎರಡು ಬಗೆ. ಒಂದು, ಗಾಳಿ ತಾನೇ ಸೂಸುವ ಇನ್‌ಫ್ರಾರೆಡ್ ಅಥವಾ ಮೈಕ್ರೋವೇವ್ ಕಿರಣ ಅಳೆಯುವುದು. 2013ರಲ್ಲಿ ಹಾರಿದ ಇನ್ಸಾಟ್-3ಡಿಯಲ್ಲಿ 18 ಇನ್‌ಫ್ರಾರೆಡ್ ಚಾನೆಲ್‌ಗಳ ಸೌಂಡರ್, ಅಂದರೆ ಇಂಥ ಕಿರಣ ಅಳೆಯುವ ಉಪಕರಣ ಇತ್ತು. ಒಂದೊಂದು ಚಾನೆಲ್ ಒಂದೊಂದು ಎತ್ತರದ ಪದರವನ್ನು ಹೆಚ್ಚಾಗಿ ನೋಡುತ್ತದೆ. ಇನ್ಸಾಟ್ ಉಪಗ್ರಹಗಳನ್ನು ನಡೆಸುವುದು ನಮ್ಮ ಹಾಸನದ ಎಂಸಿಎಫ್, ಅಂದರೆ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರದಿಂದ. ಸಾಲಗಾಮೆ ರಸ್ತೆಯಲ್ಲಿ ಓಡಾಡುವ ಮಕ್ಕಳಿಗೆ ಇದನ್ನು ಹೇಳುವಾಗ ನನಗೆ ಎದೆ ತುಂಬಿ ಬರುತ್ತದೆ. ಎರಡನೆಯದು ಜಿಪಿಎಸ್ ಬಾಗುವಿಕೆ. ಜಿಪಿಎಸ್ ಉಪಗ್ರಹದ ರೇಡಿಯೋ ಅಲೆ ಭೂಮಿಯ ಅಂಚಿನ ಗಾಳಿ ಹಾದು ಇನ್ನೊಂದು ಉಪಗ್ರಹ ಮುಟ್ಟುವಾಗ ಸ್ವಲ್ಪ ಬಾಗುತ್ತದೆ. ಎಷ್ಟು ಬಾಗಿತು ಅನ್ನುವುದರಿಂದ ಸಾಂದ್ರತೆ, ಅದರಿಂದ ಉಷ್ಣಾಂಶ. 2006ರ ಕಾಸ್ಮಿಕ್, 2019ರ ಕಾಸ್ಮಿಕ್-2 ಉಪಗ್ರಹ ಗುಂಪುಗಳು ಮಾಡಿದ್ದು ಇದನ್ನೇ. ಟ್ರೋಪೋಪಾಸ್‌ನ ಚೂಪು ತಿರುವನ್ನು ಈ ವಿಧಾನ ಬಹಳ ಚೆನ್ನಾಗಿ ಹಿಡಿಯುತ್ತದೆ, ಸಮುದ್ರದ ಮೇಲೂ ಸಿಗುತ್ತದೆ. ಇನ್ಸಾಟ್ ಅಂಕಿಗಳು ಬೇಕಾದರೆ ಇಸ್ರೋದ ಮೋಸ್ಡ್ಯಾಕ್ ತಾಣದಲ್ಲಿ ಹೆಸರು ನೋಂದಾಯಿಸಿ ಇಳಿಸಿಕೊಳ್ಳಬಹುದು. ಕಡತ ತೆರೆಯಲು ಪೈಥಾನ್ ಅನ್ನುವ ಕಂಪ್ಯೂಟರ್ ಭಾಷೆ ಸ್ವಲ್ಪ ಬರಬೇಕು.

ಕೊನೆಗೆ ಹಾಳೆಗಳನ್ನು ಜೋಡಿಸಿಡುವ ಬಗ್ಗೆ. ಪ್ರತಿ ಹಾಳೆಯ ಬಲ ಮೂಲೆಯಲ್ಲಿ ನಿಲ್ದಾಣದ ಸಂಖ್ಯೆ, ದಿನಾಂಕ, 00 ಅಥವಾ 12, ಸೊನ್ನೆ ಡಿಗ್ರಿಯ ಎತ್ತರ, ಟ್ರೋಪೋಪಾಸ್ ಎತ್ತರ, ಅತಿ ತಣ್ಣನೆ ಬಿಂದುವಿನ ಉಷ್ಣಾಂಶ, ಇಷ್ಟು ಬರೆಯಿರಿ. ತಿಂಗಳಿಗೆ ನಾಲ್ಕು ಹಾಳೆ ಸಾಕು, ಯಾವಾಗಲೂ ಒಂದೇ ಹೊತ್ತಿನದು ಇರಲಿ. ಬೆಳಗಿನದಕ್ಕೆ ಸಂಜೆಯದನ್ನು ಬೆರೆಸಿದರೆ ಋತುವಿನ ಬದಲಾವಣೆ ಯಾವುದು, ಬಿಸಿಲಿನ ಬದಲಾವಣೆ ಯಾವುದು ಅಂತ ಬೇರೆ ಮಾಡಲಾಗುವುದಿಲ್ಲ. ವರ್ಷ ತುಂಬಿದ ಮೇಲೆ ಅತಿ ತಣ್ಣನೆ ಬಿಂದುವಿನ ಎತ್ತರ, ಉಷ್ಣಾಂಶ ಎರಡನ್ನೂ ತಿಂಗಳ ಎದುರು ಇಡಿ. ಉತ್ತರ ಗೋಲಾರ್ಧದ ಚಳಿಗಾಲದಲ್ಲಿ ಅದು ಇನ್ನಷ್ಟು ಎತ್ತರಕ್ಕೆ ಹೋಗಿ ಇನ್ನಷ್ಟು ತಣ್ಣಗಾಗಿರುವುದು, ಬೇಸಿಗೆ ಕಳೆದ ಮೇಲಿನ ತಿಂಗಳುಗಳಲ್ಲಿ ಸ್ವಲ್ಪ ಕೆಳಗಿಳಿದು ಬೆಚ್ಚಗಾಗಿರುವುದು ಕಾಣಬೇಕು. ಕಾಣದಿದ್ದರೆ ಮೊದಲು ಹಾಳೆಯ ಮೂಲೆಯ ಸಮಯ ನೋಡಿ, ಆಮೇಲೆ ಆ ದಿನ ಬಲೂನು 18 ಕಿ.ಮೀ. ದಾಟಿತ್ತೇ ಅಂತ ನೋಡಿ. ಅದಕ್ಕೂ ಕೆಳಗೆ ಒಡೆದ ಬಲೂನಿನ ಕೊನೆಯ ಸಾಲನ್ನು ಅತಿ ತಣ್ಣನೆ ಬಿಂದು ಎಂದು ಲೆಕ್ಕಕ್ಕೆ ತೆಗೆದುಕೊಳ್ಳಬಾರದು.